ಕ್ಯಾನನ್ನೋ ನಿಕಾನೋ: 1959ರಿಂದ ಬಂದ ಪ್ರಶ್ನೆ

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, ಮೊದಲ ಡಿಎಸ್ಎಲ್ಆರ್ ಯಾವುದು ತಗೊಳ್ಳೋದು ಅಂತ. ಮೆಗಾಪಿಕ್ಸೆಲ್ ಎಷ್ಟು ಅಂತ ಅವರಾಗಲೇ ಬಾಯಿಪಾಠ ಮಾಡಿಕೊಂಡಿರುತ್ತಾರೆ. ನಾನು ಮಾತ್ರ ಲೆನ್ಸ್ ಕೂರುವ ಆ ಲೋಹದ ಬಳೆಯನ್ನು ಮೊದಲು ನೋಡಿ ಅನ್ನುತ್ತೇನೆ. ಅದರ ಹೆಸರು ಮೌಂಟ್. ನಿಮ್ಮ ದುಡ್ಡು ಎಲ್ಲಿ ಹೋಗುತ್ತದೆ ಅನ್ನೋದು ಅಲ್ಲೇ ತೀರ್ಮಾನವಾಗಿರುತ್ತದೆ, ಅದೂ ನಾವು ಹುಟ್ಟುವ ಆಸುಪಾಸಿನಲ್ಲೇ.

ನಿಕಾನ್ ತನ್ನ ಎಫ್ ಮೌಂಟ್ ತಂದದ್ದು 1959ರಲ್ಲಿ. ಫಿಲ್ಮ್ ಹೋಗಿ ಸೆನ್ಸರ್ ಬಂದರೂ ಅದನ್ನೇ ಉಳಿಸಿಕೊಂಡಿದೆ. ಎಂಬತ್ತರ ದಶಕದಲ್ಲಿ ಆಟೋಫೋಕಸ್ ಬಂದಾಗಲೂ ಮೌಂಟ್ ಬದಲಿಸದೆ ಮೋಟಾರನ್ನು ಕ್ಯಾಮೆರಾದೊಳಗೆ ಕೂರಿಸಿತು. ಮೌಂಟಿನಿಂದ ಇಣುಕುವ ಸ್ಕ್ರೂಡ್ರೈವರಿನಂಥ ಸಣ್ಣ ಕಡ್ಡಿ ಲೆನ್ಸನ್ನು ತಿರುಗಿಸುತ್ತದೆ. ಕ್ಯಾನನ್ ಹಾಗಲ್ಲ. 1987ರಲ್ಲಿ ಇಓಎಸ್ ಕ್ಯಾಮೆರಾಗಳ ಜೊತೆ ಇಎಫ್ ಎಂಬ ಹೊಸ ಮೌಂಟನ್ನೇ ತಂದು, ಮೋಟಾರನ್ನು ಲೆನ್ಸಿನೊಳಗೆ ಇಟ್ಟಿತು. ಹಳೇ ಎಫ್‌ಡಿ ಲೆನ್ಸ್ ಕೊಂಡಿದ್ದವರು ಎಷ್ಟು ಬೈದಿರಬೇಕೋ! ಓಡುತ್ತಿರುವ ಕೋಡನ್ನು ರೀರೈಟ್ ಮಾಡಿದವರಿಗೆ ಆ ಬೈಗುಳದ ಅಂದಾಜು ಇರುತ್ತದೆ.

2003ರಲ್ಲಿ ಕ್ಯಾನನ್ 300ಡಿ ಸಾವಿರ ಡಾಲರಿನೊಳಗೆ ಬಂದದ್ದೇ ಡಿಎಸ್ಎಲ್ಆರ್ ಹವ್ಯಾಸಿಗಳ ಕೈಗೆಟುಕುವಂತಾಯಿತು. ಮರುವರ್ಷ ನಿಕಾನ್ ಡಿ70 ಬಂತು. ಆಮೇಲೆ 2006ರ ಪುಟ್ಟ, ಅಗ್ಗದ ಡಿ40ಯಲ್ಲಿ ನಿಕಾನ್ ಆ ಮೋಟಾರನ್ನು ಕೈಬಿಟ್ಟಿತು. ಡಿ3000, ಡಿ3100 ಎರಡೂ ಅದೇ ದಾರಿ ಹಿಡಿದವು. ಮೌಂಟ್ ಅದೇ, ಹಳೇ ಲೆನ್ಸ್ ಚೆಂದಕ್ಕೆ ಕೂರುತ್ತದೆ, ಆದರೆ ತಿರುಗಿಸುವವರು ಒಳಗಿಲ್ಲ.

ಮಣಿಪಾಲದಲ್ಲಿ ಓದುವ ನನ್ನ ಚಿಕ್ಕಮ್ಮನ ಮಗ ಡಿ3100 ತಗೊಳ್ಳುವವನಿದ್ದ. ಹಿಂದೆ ಕಾರ್ಕಳದಲ್ಲಿ ಸ್ಟುಡಿಯೋ ಇಟ್ಟಿದ್ದ ನಮ್ಮ ಸೋದರಮಾವನ ಬಳಿ ಫಿಲ್ಮ್ ಕಾಲದ ನಿಕಾನ್ ಆಟೋಫೋಕಸ್ ಲೆನ್ಸ್ ಇದೆ, 50 ಎಂಎಂ ಎಫ್/1.8.

"ಅಣ್ಣ, ನಿಕಾನೇ ತಗೊಂಡ್ರೆ ಮಾವನ ಲೆನ್ಸ್ ಆಗ್ತದಲ್ಲ?"

"ಕೂರ್ತದೆ ಮಾರಾಯ. ಫೋಕಸ್ ಮಾತ್ರ ನೀನೇ ತಿರುಗಿಸ್ಬೇಕು."

"ಆಟದಲ್ಲಿ ವೇಷ ಕುಣಿಯುವಾಗ ಎಲ್ಲಿ ತಿರುಗಿಸ್ತಾ ಕೂರುದು?"

ಅವನಿಗೆ ಬೇಕಿದ್ದದ್ದು ರಾತ್ರಿಯ ಯಕ್ಷಗಾನ, ಬೆಳಗಾಗುವ ಮೊದಲಿನ ಉಡುಪಿ ಪರ್ಯಾಯದ ಮೆರವಣಿಗೆ. ಕಾರ್ಕಳದ 42 ಅಡಿಯ ಗೊಮ್ಮಟನಾದರೆ ಚಿಂತೆಯಿಲ್ಲ, 1432ರಿಂದ ಕದಲದೆ ನಿಂತವನು, ನಿಧಾನಕ್ಕೆ ತಿರುಗಿಸಿದರೂ ಕಾಯುತ್ತಾನೆ. ಕಾಪುವಿನ 1901ರ ದೀಪಸ್ತಂಭಕ್ಕೂ ಕ್ಯಾಮೆರಾ ಜೊತೆ ಬರುವ 18-55 ಲೆನ್ಸೇ ಸಾಕು. ಕತ್ತಲಲ್ಲಿ ಕುಣಿಯುವವರ ಕಥೆ ಬೇರೆ. ಆ 18-55 ಪೂರ್ತಿ ಜೂಮ್ ಮಾಡಿದಾಗ ತೆರೆದುಕೊಳ್ಳುವುದು ಎಫ್/5.6ರಷ್ಟೇ, ಎಫ್/1.8 ಲೆನ್ಸ್ ಅದರ ಒಂಬತ್ತು-ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ.

ಲೆಕ್ಕ ಹಾಕಿದೆವು. ಕ್ಯಾನನ್ 1100ಡಿ ಆದರೆ ಅಗ್ಗದ ಇಎಫ್ 50 ಎಂಎಂ ಎಫ್/1.8 ಸಾಕು, ಮೋಟಾರ್ ಅದರೊಳಗೇ ಇದೆ. ಡಿ3100 ಆದರೆ ಮೋಟಾರಿರುವ ಎಎಫ್-ಎಸ್ ಲೆನ್ಸೇ ಬೇಕು. 2009ರಲ್ಲಿ ಬಂದ 35 ಎಂಎಂ ಎಫ್/1.8 ಒಳ್ಳೆಯದು. ಮೂರನೆಯದು ಡಿ90, ಒಳಗೆ ಮೋಟಾರಿರುವ 2008ರ ಮಾಡೆಲ್, ಸೆಕೆಂಡ್ ಹ್ಯಾಂಡ್. ಮಾವನ ಲೆನ್ಸ್ ಪುಕ್ಕಟೆ ಆಗಿದ್ದರಿಂದ ನಾನು ಡಿ90 ಅಂದೆ. ಹಳೇದಾ ಅಂತ ಮುಖ ಸಣ್ಣ ಮಾಡಿದ, ಆಮೇಲೆ ಒಪ್ಪಿದ.

ಕೊಳ್ಳುವ ಮೊದಲು ಲೆನ್ಸಿಗೆ ಟಾರ್ಚ್ ಬಿಟ್ಟು ನೋಡು ಅಂದಿದ್ದೆ. ನಮ್ಮ ಕರಾವಳಿಯ ಮಳೆಗಾಲಕ್ಕೆ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಫಂಗಸ್ ಹಿಡಿಯುತ್ತದೆ. ಮಾವನ ಲೆನ್ಸ್ ಸ್ವಚ್ಛವಾಗಿತ್ತು. ಸ್ಟುಡಿಯೋ ಮುಚ್ಚಿದ ಮೇಲೂ ಅವರು ಪ್ರತಿ ಮಳೆಗಾಲ ಆ ಕಪಾಟಿನಲ್ಲಿ ಒಂದು ಬಲ್ಬ್ ಉರಿಸಿಡುತ್ತಿದ್ದರಂತೆ.