ಔಷಧದಾನವೂ ಅಭಯದಾನವೂ: ಪ್ರತಿಕಾಯಗಳ ಇತಿಹಾಸದಿಂದ ಒಂದು ವಿಚಾರ

ಬೈಂದೂರಿನಲ್ಲೋ ಕುಂದಾಪುರದಲ್ಲೋ ಬ್ರಹ್ಮಾವರದಲ್ಲೋ ಒಬ್ಬ ತಾಯಿಯ ಎದೆಯಲ್ಲಿ ಗಂಟೊಂದು ಕಾಣಿಸಿಕೊಂಡಿತೆಂದು ಭಾವಿಸೋಣ. ಊರಿನ ವೈದ್ಯರು ಆಕೆಯನ್ನು ಮಣಿಪಾಲಕ್ಕೋ ಮಂಗಳೂರಿಗೋ ಕಳುಹಿಸುತ್ತಾರೆ. ಅಲ್ಲಿ ಗಂಟಿನ ಒಂದು ಚೂರನ್ನು ತೆಗೆದು ಪೆಥಾಲಜಿ ಪ್ರಯೋಗಾಲಯಕ್ಕೆ ಒಪ್ಪಿಸುತ್ತಾರೆ. ಕೆಲವು ದಿನಗಳ ಅನಂತರ ಮನೆಯವರ ಕೈಸೇರುವ ವರದಿಯಲ್ಲಿ ಇ.ಆರ್., ಪಿ.ಆರ್., ಹರ್-2 ಎಂಬ ಮೂರು ಹೆಸರುಗಳೂ ಅವುಗಳ ಮುಂದೆ ಕೆಲವು ಅಂಕೆಗಳೂ ಇರುತ್ತವೆ. ಮುಂದಿನ ಚಿಕಿತ್ಸೆಯೆಲ್ಲವೂ ಈ ಮೂರು ಸಾಲುಗಳನ್ನು ಅವಲಂಬಿಸಿದೆ. ಆದರೆ ಆ ಅಂಕೆಗಳನ್ನು ಬರೆಯುವುದಕ್ಕೆ ಮುನ್ನ ಎಲ್ಲಿಯೋ ಒಂದು ಇಲಿ ಅಥವಾ ಮೊಲ ತನ್ನ ಪ್ರಾಣವನ್ನು ತೆತ್ತಿದೆ ಎಂಬ ಸಂಗತಿ ವರದಿಯಲ್ಲಿ ಇರುವುದಿಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಶ್ರಾವಕ ಕುಟುಂಬಗಳು ಈ ಋಣವನ್ನು ತಿಳಿಯಬೇಕು. ತಿಳಿದ ಮೇಲೆ ಏನು ಮಾಡಬೇಕೆಂಬುದನ್ನೂ ಆಲೋಚಿಸಬೇಕು. ಈ ಲೇಖನದ ಉದ್ದೇಶವು ಇಷ್ಟೇ.

ಇದು ನಮ್ಮ ಪರಂಪರೆಗೆ ಹೊಸ ಪ್ರಶ್ನೆಯಲ್ಲ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಕರ್ನಾಟಕದ ಜೈನ ಶಾಸನಗಳು ಮತ್ತೆ ಮತ್ತೆ ಕೊಂಡಾಡುತ್ತವೆ. ಇವುಗಳಲ್ಲಿ ಭೈಷಜ್ಯದಾನವೂ ಅಭಯದಾನವೂ ಒಂದಕ್ಕೊಂದು ಎದುರಾದಾಗ ಏನು ಗತಿ? ರೋಗಿಗೆ ಔಷಧವನ್ನು ಕೊಡುವುದಕ್ಕಾಗಿ ಇನ್ನೊಂದು ಜೀವದ ಅಭಯವನ್ನು ಕಸಿಯಬಹುದೆ? ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ತಮ್ಮ ಸಂಸ್ಕೃತ ವೈದ್ಯಗ್ರಂಥವಾದ ‘ಕಲ್ಯಾಣಕಾರಕ’ದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡು, ಚಿಕಿತ್ಸೆಯಲ್ಲಿ ಮಾಂಸದ ಬಳಕೆಯನ್ನು ಖಂಡಿಸಿದರು. ಈ ವಾದವನ್ನು ಅವರು ಅಮೋಘವರ್ಷ ನೃಪತುಂಗನ ಸಭೆಯಲ್ಲಿ ಮಂಡಿಸಿದರೆಂದು ಆ ಗ್ರಂಥವೇ ಹೇಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಆಧರಿಸಿ ಕನ್ನಡದಲ್ಲಿ ಬರೆದ ಕಲ್ಯಾಣಕಾರಕವೂ ಮದ್ಯಮಾಂಸಗಳನ್ನು ದೂರವಿಟ್ಟೇ ಚಿಕಿತ್ಸೆಯನ್ನು ಹೇಳಿತು. ನಮ್ಮ ಪೂರ್ವಿಕರು ವೈದ್ಯವನ್ನು ತಿರಸ್ಕರಿಸಲಿಲ್ಲ. ಹಿಂಸೆಯನ್ನು ಸುಮ್ಮನೆ ಒಪ್ಪಿಕೊಳ್ಳಲೂ ಇಲ್ಲ. ಹಿಂಸೆಯಿಲ್ಲದ ವೈದ್ಯವನ್ನು ಅವರು ಹುಡುಕಿದರು. ಇಂದಿನ ಪ್ರಯೋಗಾಲಯವನ್ನೂ ಈ ಕಣ್ಣಿನಿಂದಲೇ ನೋಡುವುದು ಯುಕ್ತ.

ಮೊದಲು ಸರ್ವರಿಗೂ ಪರಿಚಿತವಾದ ಒಂದು ಪರೀಕ್ಷೆಯನ್ನು ತೆಗೆದುಕೊಳ್ಳೋಣ. ಇಂದು ಕುಂದಾಪುರದ ಯಾವ ಔಷಧದ ಅಂಗಡಿಯಲ್ಲಿಯೂ ಗರ್ಭಪರೀಕ್ಷೆಯ ಪಟ್ಟಿ ದೊರೆಯುತ್ತದೆ. ಆಶಾ ಕಾರ್ಯಕರ್ತೆಯರ ಮೂಲಕ ‘ನಿಶ್ಚಯ್’ ಎಂಬ ಕಿಟ್ ಮನೆಬಾಗಿಲಿಗೂ ತಲುಪಿದೆ. ಆದರೆ 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಝೋಂಡೆಕ್ ಎಂಬ ವೈದ್ಯರು ಕಂಡುಹಿಡಿದ ಪರೀಕ್ಷೆಯಲ್ಲಿ ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನಗಳ ಬಳಿಕ ಅವುಗಳನ್ನು ಕೊಂದು ಅಂಡಾಶಯವನ್ನು ನೋಡಬೇಕಾಗಿತ್ತು. 1931ರಲ್ಲಿ ಅಮೆರಿಕದ ಫ್ರೀಡ್‌ಮನ್ ಇಲಿಯ ಬದಲಿಗೆ ಮೊಲವನ್ನು ಬಳಕೆಗೆ ತಂದನು. ಅನಂತರ ಆಫ್ರಿಕದ ಒಂದು ಜಾತಿಯ ಕಪ್ಪೆಯ ಸರದಿ ಬಂದಿತು. ಅದು ಮೊಟ್ಟೆಯಿಟ್ಟರೆ ಗರ್ಭವಿದೆಯೆಂದು ಅರ್ಥ. ಇವೆಲ್ಲವೂ ಹುಡುಕುತ್ತಿದ್ದುದು ಒಂದೇ ವಸ್ತುವನ್ನು: ಗರ್ಭಸ್ಥ ಪಿಂಡದ ಕಡೆಯಿಂದ ತಾಯಿಯ ಶರೀರಕ್ಕೆ ಸಂದೇಶವನ್ನು ಒಯ್ಯುವ ಎಚ್‌ಸಿಜಿ ಎಂಬ ಪ್ರೋಟೀನನ್ನು. ಇಂದು ಅದೇ ಪ್ರೋಟೀನನ್ನು ಕಾಗದದ ಪಟ್ಟಿಯ ಮೇಲೆ ಅಂಟಿಸಿದ ಪ್ರತಿಕಾಯಗಳು ಕೆಲವೇ ನಿಮಿಷಗಳಲ್ಲಿ ಹಿಡಿಯುತ್ತವೆ. ಒಂದೊಂದು ಪರೀಕ್ಷೆಗೂ ಪ್ರಾಣಿಗಳನ್ನು ಬಲಿಗೊಡುತ್ತಿದ್ದ ಪದ್ಧತಿ ಹೀಗೆ ನಿಂತಿತು. ಅಹಿಂಸೆಯ ದೃಷ್ಟಿಯಿಂದ ಇದು ಸಾಮಾನ್ಯ ಲಾಭವಲ್ಲ.

ಪ್ರತಿಕಾಯವೆಂದರೆ, ಪರಕೀಯ ವಸ್ತುವೊಂದು ಒಳಹೊಕ್ಕಾಗ ಅದನ್ನು ಗುರುತಿಸಿ ಅಂಟಿಕೊಳ್ಳಲು ಶರೀರವು ತಯಾರಿಸುವ ಪ್ರೋಟೀನು. ಮೊದಲು ಇವನ್ನು ಪಡೆಯಲು ಮೊಲ, ಆಡು, ಕುದುರೆಗಳಿಗೆ ವಸ್ತುವನ್ನು ಚುಚ್ಚಿ ಅವುಗಳ ರಕ್ತವನ್ನು ತೆಗೆಯುತ್ತಿದ್ದರು. ಆ ರಕ್ತದಲ್ಲಿ ನೂರಾರು ಬಗೆಯ ಪ್ರತಿಕಾಯಗಳು ಬೆರೆತಿರುತ್ತಿದ್ದವು; ಪ್ರಾಣಿ ಸತ್ತರೆ ಆ ಮಿಶ್ರಣವೂ ಮುಗಿದಂತೆ. 1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಜರ್ಮನಿಯ ಜಾರ್ಜ್ ಕೋಹ್ಲರ್ ಮತ್ತು ಅರ್ಜೆಂಟೀನಾ ಮೂಲದ ಸೀಸರ್ ಮಿಲ್‌ಸ್ಟೈನ್ ಇದಕ್ಕೆ ಪರಿಹಾರವನ್ನು ಪ್ರಕಟಿಸಿದರು. ಇಲಿಯ ಗುಲ್ಮದಿಂದ ಪ್ರತಿಕಾಯವನ್ನು ತಯಾರಿಸುವ ಜೀವಕೋಶವನ್ನು ತೆಗೆದು, ಅದನ್ನು ಎಡೆಬಿಡದೆ ವೃದ್ಧಿಯಾಗುವ ಕ್ಯಾನ್ಸರ್ ಜೀವಕೋಶದೊಡನೆ ಅವರು ಬೆಸೆದರು. ಹೀಗೆ ಹುಟ್ಟಿದ ಮಿಶ್ರಕೋಶಕ್ಕೆ ಹೈಬ್ರಿಡೋಮ ಎಂದು ಹೆಸರು. ಒಂದೇ ಕೋಶದ ಸಂತತಿಯಾದುದರಿಂದ ಅದು ಕೊಡುವ ಪ್ರತಿಕಾಯವೂ ಒಂದೇ ಬಗೆಯದು. ಇದನ್ನೇ ಮಾನೋಕ್ಲೋನಲ್ ಪ್ರತಿಕಾಯವೆನ್ನುವುದು. ದ್ರವ ಸಾರಜನಕದಲ್ಲಿ ಘನೀಭವಿಸಿಟ್ಟರೆ ಆ ಕೋಶಗಳನ್ನು ದಶಕಗಳ ಬಳಿಕವೂ ಎಬ್ಬಿಸಿ ಬೆಳೆಸಬಹುದು. 1984ರಲ್ಲಿ ಈರ್ವರಿಗೂ, ನೀಲ್ಸ್ ಯೆರ್ನೆ ಅವರೊಡನೆ, ನೊಬೆಲ್ ಪಾರಿತೋಷಕ ದೊರೆಯಿತು. ಕೋಟ್ಯಂತರ ರೂಪಾಯಿಗಳ ಉದ್ಯಮಕ್ಕೆ ತಳಹದಿಯಾದ ಈ ವಿಧಾನಕ್ಕೆ ಅವರು ಪೇಟೆಂಟ್ ಪಡೆದಿರಲಿಲ್ಲ ಎಂಬುದೂ ಸ್ಮರಣೀಯ.

ಇನ್ನು ನಮ್ಮ ವರದಿಯತ್ತ ಬರೋಣ. ಶರೀರದ ಜೀವಕೋಶಗಳು ಒಂದರೊಡನೊಂದು ಸದಾ ಸಂದೇಶಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಕೋಶದ ಹೊರಮೈಯಲ್ಲಿ ಬಾಗಿಲ ಕಾವಲಿನವರಂತೆ ನಿಂತ ಪ್ರೋಟೀನುಗಳು ‘ಬೆಳೆ’, ‘ಇಬ್ಭಾಗವಾಗು’ ಎಂಬ ಆಜ್ಞೆಗಳನ್ನು ಸ್ವೀಕರಿಸಿ ಒಳಕ್ಕೆ ಸಾಗಿಸುತ್ತವೆ. ಹರ್-2 ಅಂಥದೊಂದು ಪ್ರೋಟೀನು. ಕೆಲವರ ಸ್ತನ ಕ್ಯಾನ್ಸರಿನಲ್ಲಿ ಇದು ಮಿತಿಮೀರಿ ಉತ್ಪನ್ನವಾಗಿ, ಕೋಶವು ನಿಲ್ಲದೆ ವೃದ್ಧಿಸುತ್ತದೆ. ಅಂಥ ರೋಗಿಗಳ ಕಾಯಿಲೆ ಹೆಚ್ಚು ಉಗ್ರವಾಗಿರುತ್ತದೆಂದು 1987ರಲ್ಲಿ ಅಮೆರಿಕದ ಡೆನಿಸ್ ಸ್ಲಾಮನ್ ಮತ್ತು ಸಂಗಡಿಗರು ತೋರಿಸಿದರು.

ಪ್ರಯೋಗಾಲಯದಲ್ಲಿ ಇದನ್ನು ಕಾಣುವ ಬಗೆ ಹೀಗೆ: ಗಂಟಿನ ಚೂರನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಅಚ್ಚುಹಾಕಿ, ಒಂದು ಮಿಲಿಮೀಟರಿನ ಸಾವಿರದ ಮೂರು ನಾಲ್ಕು ಭಾಗದಷ್ಟು ತೆಳ್ಳಗಿನ ಹಾಳೆಗಳಾಗಿ ಕೊಯ್ಯುತ್ತಾರೆ. ಗಾಜಿನ ಪಟ್ಟಿಯ ಮೇಲಿಟ್ಟು ಹರ್-2 ಅನ್ನು ಮಾತ್ರ ಗುರುತಿಸುವ ಪ್ರತಿಕಾಯವನ್ನು ಹನಿಸುತ್ತಾರೆ. ಬೀಗಕ್ಕೆ ಕೀಲಿಕೈ ಹೊಂದುವಂತೆ ಅದು ಆ ಪ್ರೋಟೀನಿಗಷ್ಟೇ ಅಂಟುತ್ತದೆ. ಅನಂತರ ಬಣ್ಣವನ್ನು ಹುಟ್ಟಿಸುವ ಕಿಣ್ವವನ್ನು ಸೇರಿಸಿದಾಗ ಪ್ರೋಟೀನು ಇರುವ ಕಡೆ ಕಂದು ಬಣ್ಣ ಮೂಡುತ್ತದೆ. ಬಣ್ಣದ ಗಾಢತೆಯನ್ನು ಸೊನ್ನೆಯಿಂದ ಮೂರರವರೆಗೆ ಅಂಕಿಸುತ್ತಾರೆ. ಮೂರು ಬಂದರೆ ಹರ್-2 ಅಧಿಕವೆಂದರ್ಥ, ಎರಡು ಬಂದರೆ ಜೀನಿನ ಇನ್ನೊಂದು ಪರೀಕ್ಷೆ ಬೇಕು. ಇ.ಆರ್., ಪಿ.ಆರ್. ಎಂಬವು ಹಾರ್ಮೋನುಗಳ ಸಂದೇಶವನ್ನು ಸ್ವೀಕರಿಸುವ ಪ್ರೋಟೀನುಗಳು. ಅವನ್ನೂ ಹೀಗೆಯೇ ಕಾಣುತ್ತಾರೆ. ಈ ಪರೀಕ್ಷೆಯಿಲ್ಲದಿದ್ದರೆ ವೈದ್ಯರು ಕತ್ತಲಲ್ಲಿ ಬಾಣ ಬಿಡಬೇಕಾಗುತ್ತದೆ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ ನಮ್ಮ ಕರಾವಳಿಯ ರೋಗಿಗಳಿಗೆ ಆಧುನಿಕ ವೈದ್ಯವಿದ್ಯೆಯು ಸಮೀಪಕ್ಕೆ ಬಂದಿತೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನು ಮರೆಮಾಚಲಾಗದು. ಹೈಬ್ರಿಡೋಮವನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಬಹುದಾದರೂ, ಅಗ್ಗವೂ ಶೀಘ್ರವೂ ಆದ ಬೇರೊಂದು ದಾರಿ ಬಹುಕಾಲ ಬಳಕೆಯಲ್ಲಿತ್ತು. ಜೀವಂತ ಇಲಿಯ ಹೊಟ್ಟೆಯೊಳಗೆ ಆ ಕೋಶಗಳನ್ನು ಚುಚ್ಚಿದರೆ ಅಲ್ಲಿ ಗಡ್ಡೆ ಬೆಳೆದು ನೀರು ತುಂಬುತ್ತದೆ. ಆ ನೀರಿನಲ್ಲಿ ಪ್ರತಿಕಾಯವು ಹೇರಳವಾಗಿರುತ್ತದೆ. ಊದಿದ ಹೊಟ್ಟೆಗೆ ಸೂಜಿ ಚುಚ್ಚಿ ಅದನ್ನು ಬಸಿಯುತ್ತಿದ್ದರು. ಒಂದು ಇಲಿಯ ಗುಲ್ಮವನ್ನು ಒಮ್ಮೆ ತೆಗೆಯುವುದು ಬೇರೆ. ಪ್ರತಿಯೊಂದು ಸರಕಿಗೂ ಹೊಸ ಇಲಿಗಳನ್ನು ಇಂಥ ಯಾತನೆಗೆ ಗುರಿಪಡಿಸುವುದು ಬೇರೆ. ನೆದರ್‌ಲೆಂಡ್ಸ್, ಜರ್ಮನಿ, ಸ್ವಿಟ್ಜರ್‌ಲೆಂಡ್, ಬ್ರಿಟನ್ ಮೊದಲಾದ ದೇಶಗಳು 1990ರ ದಶಕದ ವೇಳೆಗೆ ಈ ಕ್ರಮವನ್ನು ಬಹುಮಟ್ಟಿಗೆ ನಿರ್ಬಂಧಿಸಿದವು. ಅಮೆರಿಕದಲ್ಲಿ ಪ್ರಾಣಿದಯಾ ಸಂಘಟನೆಯೊಂದು 1997ರಲ್ಲಿ ಮನವಿ ಸಲ್ಲಿಸಿದ ಬಳಿಕ, 1999ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿಯು ಪಾತ್ರೆಯಲ್ಲಿ ಬೆಳೆಸುವುದೇ ವಾಡಿಕೆಯಾಗಬೇಕೆಂದಿತು. ಪೂರ್ಣ ನಿಷೇಧವನ್ನು ಮಾತ್ರ ಹೇಳಲಿಲ್ಲ.

ನಮ್ಮ ದೇಶದ ಪ್ರಾಣಿಹಿಂಸಾ ಪ್ರತಿಬಂಧಕ ಅಧಿನಿಯಮವು 1960ರದು. ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಾಡಿದ ಪ್ರಯತ್ನವು ಅದಕ್ಕೆ ಪ್ರೇರಣೆಯಾಯಿತು. ಸಾಧ್ಯವಿದ್ದಲ್ಲೆಲ್ಲ ಪ್ರಾಣಿಪ್ರಯೋಗವನ್ನು ವರ್ಜಿಸಬೇಕೆಂದು ಅದು ಹೇಳುತ್ತದೆ. 1998ರ ನಿಯಮಗಳು ಮೇಲ್ವಿಚಾರಣೆಯನ್ನು ಇನ್ನಷ್ಟು ಬಿಗಿಗೊಳಿಸಿದವು. ಆದರೆ ಆ ಕಾಯಿದೆಯೇ, ದೊಡ್ಡ ಪ್ರಾಣಿಯ ಬದಲು ಇಲಿ, ಮೊಲ, ಕಪ್ಪೆಗಳಂಥ ಸಣ್ಣ ಪ್ರಾಣಿಗಳಿಂದ ಕಾರ್ಯವಾಗುವುದಾದರೆ ಅವನ್ನು ಬಳಸಬೇಕೆಂದೂ ಸೂಚಿಸುತ್ತದೆ. ಇಲ್ಲಿ ಜೈನ ದೃಷ್ಟಿಯು ಭಿನ್ನವಾಗಿದೆ. ನಮ್ಮ ಆಚಾರ್ಯರು ಜೀವವನ್ನು ದೇಹದ ಗಾತ್ರದಿಂದ ಅಳೆಯದೆ ಇಂದ್ರಿಯಗಳಿಂದ ಅಳೆದರು. ಆನೆಯೂ ಪಂಚೇಂದ್ರಿಯ, ಇಲಿಯೂ ಪಂಚೇಂದ್ರಿಯ. ಅಂಗೈಯಲ್ಲಿ ಅಡಗುವಷ್ಟು ಸಣ್ಣದೆಂಬ ಕಾರಣಕ್ಕೆ ಇಲಿಯ ನೋವು ಸಣ್ಣದಾಗುವುದಿಲ್ಲ.

ಇಂದು ವಿಜ್ಞಾನವೇ ಮುಂದಿನ ದಾರಿಯನ್ನು ತೆರೆದಿದೆ. ಒಂದು ಪ್ರತಿಕಾಯದ ಜೀನಿನ ಅಕ್ಷರಮಾಲೆಯನ್ನು ಒಮ್ಮೆ ಓದಿಟ್ಟುಕೊಂಡರೆ, ಮುಂದೆ ಯಾವ ಇಲಿಯೂ ಇಲ್ಲದೆ ಕೋಶಗಳಲ್ಲಿ ಅದನ್ನು ತಯಾರಿಸಬಹುದು. ಅಮೆರಿಕದ ಜಾರ್ಜ್ ಸ್ಮಿತ್ 1985ರಲ್ಲಿ ಆರಂಭಿಸಿ, ಬ್ರಿಟನ್ನಿನ ಗ್ರೆಗರಿ ವಿಂಟರ್ ಪ್ರತಿಕಾಯಗಳಿಗೆ ಅನ್ವಯಿಸಿದ ‘ಫೇಜ್ ಡಿಸ್‌ಪ್ಲೇ’ ವಿಧಾನದಲ್ಲಂತೂ ಮೊದಲ ಇಲಿಯೂ ಬೇಡ. ಬ್ಯಾಕ್ಟೀರಿಯಾ ಮತ್ತು ಅದರ ವೈರಸ್ಸುಗಳಿಂದಲೇ ಹೊಸ ಪ್ರತಿಕಾಯವನ್ನು ಆರಿಸಬಹುದು. ಇವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. 2020ರಲ್ಲಿ ಯೂರೋಪಿನ ಪರ್ಯಾಯ ವಿಧಾನಗಳ ಪ್ರಯೋಗಾಲಯವು ಪ್ರತಿಕಾಯಗಳ ತಯಾರಿಕೆಗೆ ಪ್ರಾಣಿಗಳನ್ನು ಬಳಸುವುದನ್ನೇ ಕೈಬಿಡಬೇಕೆಂದು ಶಿಫಾರಸು ಮಾಡಿತು. ಎಲ್ಲ ವಿಜ್ಞಾನಿಗಳೂ ಅದನ್ನು ಒಪ್ಪಿಲ್ಲ. ಎಲ್ಲ ಕೆಲಸಕ್ಕೂ ಹೊಸ ವಿಧಾನವು ಸಮನಾಗಿ ಒದಗದೆಂಬುದು ಅವರ ವಾದ. ಕೋಶಗಳನ್ನು ಬೆಳೆಸಲು ಕಸಾಯಿಖಾನೆಯಲ್ಲಿ ಗಬ್ಬದ ಹಸುವಿನ ಭ್ರೂಣದಿಂದ ತೆಗೆದ ರಕ್ತದ್ರವವನ್ನು ಬಳಸುವ ರೂಢಿಯೂ ಇದೆ; ಅದಿಲ್ಲದ ಪೋಷಕ ದ್ರವಗಳೂ ಈಗ ದೊರೆಯುತ್ತವೆ.

ಪರೀಕ್ಷೆಯಿಂದ ಔಷಧಕ್ಕೂ ಇದೇ ಋಣವು ಹಬ್ಬಿದೆ. ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಮೆಲ್ಲುವ ಅಭ್ಯಾಸವು ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ಸರ್ವವಿದಿತ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2006ರಲ್ಲಿ ತಲೆ-ಕೊರಳಿನ ಕ್ಯಾನ್ಸರಿಗಾಗಿ ಕ್ಯೂಬಾದ ಸಹಯೋಗದಿಂದ ನಿಮೋಟುಜುಮಾಬ್ ಎಂಬ ಮಾನೋಕ್ಲೋನಲ್ ಔಷಧವನ್ನು ಹೊರತಂದಿತು. 2014ರಲ್ಲಿ ಹರ್-2 ಅನ್ನು ತಡೆಯುವ ಟ್ರಾಸ್ಟುಜುಮಾಬ್ ಅನ್ನೂ ಕಡಮೆ ಬೆಲೆಗೆ ತಂದಿತು. ಮೊದಲನೆಯದು ತಡೆಯುವುದು ಇಜಿಎಫ್‌ಆರ್ ಎಂಬ ಸಂದೇಶವಾಹಕ ಪ್ರೋಟೀನನ್ನು. ಅದಕ್ಕೆ ಸಂದೇಶವನ್ನು ತರುವ ವಸ್ತುವನ್ನು ಸ್ಟ್ಯಾನ್ಲಿ ಕೋಹೆನ್ ಮೊದಲು ಬೇರ್ಪಡಿಸಿದ್ದು ಇಲಿಗಳ ಲಾಲಾಗ್ರಂಥಿಯಿಂದ. ಆ ಎರಡು ಔಷಧಗಳ ಮೂಲವೂ ಇಲಿಯ ಪ್ರತಿಕಾಯವೇ.

ಹಾಗಾದರೆ ಶ್ರಾವಕನು ಏನು ಮಾಡಬೇಕು? ಪರೀಕ್ಷೆಯನ್ನು ನಿರಾಕರಿಸಬೇಕೆಂದು ನಾನು ಹೇಳಲಾರೆ. ರೋಗದಿಂದ ನರಳುವ ತಾಯಿಯೂ ಪಂಚೇಂದ್ರಿಯ ಜೀವವೇ. ಆಕೆಯ ಚಿಕಿತ್ಸೆಯನ್ನು ತಪ್ಪಿಸುವುದು ದಯೆಯಾಗದು. ಈಗಾಗಲೇ ತಯಾರಾದ ಪ್ರತಿಕಾಯದ ಹನಿಯನ್ನು ಚೆಲ್ಲಿದರೆ ಸತ್ತ ಇಲಿಯು ಎದ್ದು ಬರುವುದೂ ಇಲ್ಲ. ಆದರೆ ‘ನಾನು ಕೊಲ್ಲಲಿಲ್ಲ’ ಎಂದು ಕೈತೊಳೆದುಕೊಳ್ಳುವುದೂ ನಮ್ಮ ಶಾಸ್ತ್ರಕ್ಕೆ ಸಮ್ಮತವಲ್ಲ. ಕೃತ, ಕಾರಿತ, ಅನುಮೋದಿತ ಎಂದು ಹಿಂಸೆಯು ಮೂರು ಬಗೆ. ಹಣ ಕೊಟ್ಟು ಕೊಳ್ಳುವವನು ಕೊನೆಯ ಎರಡಕ್ಕೆ ಹತ್ತಿರದವನೇ. ಬೇರೆ ದಾರಿಯಿಲ್ಲದಾಗ ನಡೆದುದು ಒಂದು. ಬೇರೆ ದಾರಿಯಿದ್ದೂ ಅಗ್ಗವೆಂದು ನಡೆಸಿದ್ದು ಇನ್ನೊಂದು. ಎರಡನೆಯದು ಅನರ್ಥದಂಡ, ಎಂದರೆ ಪ್ರಯೋಜನವಿಲ್ಲದ ಹಿಂಸೆ. ಅದನ್ನು ತ್ಯಜಿಸುವುದು ಗೃಹಸ್ಥನ ವ್ರತಗಳಲ್ಲಿ ಒಂದು.

ಆದುದರಿಂದ ಬಸದಿಗಳ ಮೊಕ್ತೇಸರರಲ್ಲಿಯೂ ದಾನಿಗಳಲ್ಲಿಯೂ ಒಂದು ವಿನಂತಿ. ಆಸ್ಪತ್ರೆಗೋ ಪ್ರಯೋಗಾಲಯಕ್ಕೋ ಔಷಧದಾನದ ನಿಧಿಯಿಂದ ನೆರವು ನೀಡುವಾಗ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಿರಿ: ನೀವು ಕೊಳ್ಳುವ ಪ್ರತಿಕಾಯವು ಇಲಿಯ ಹೊಟ್ಟೆಯಲ್ಲಿ ಬೆಳೆದುದೊ, ಪಾತ್ರೆಯಲ್ಲಿ ಬೆಳೆದುದೊ? ಪ್ರಾಣಿರಹಿತವಾಗಿ ತಯಾರಾದುದು ದೊರೆಯುವುದೆ? ಅದರ ಬೆಲೆ ಹೆಚ್ಚಾದರೆ ಎಷ್ಟು ಹೆಚ್ಚು? ಆ ಹೆಚ್ಚಿನ ಬೆಲೆಯನ್ನು ಬಡರೋಗಿಯ ಮೇಲೆ ಹೊರಿಸದೆ ನಮ್ಮ ಟ್ರಸ್ಟುಗಳು ಭರಿಸಿದರೆ, ಆ ಒಂದೇ ಕಾಣಿಕೆಯಲ್ಲಿ ಔಷಧದಾನವೂ ಅಭಯದಾನವೂ ಕೂಡಿಬರುತ್ತವೆ. ಬಾರಕೂರಿನ ಕತ್ತಲೆ ಬಸದಿಯ ಕಲ್ಲುಗಳ ನಡುವೆ ನಿಂತಾಗ, ದಾನ ಕೊಟ್ಟವರ ಹೆಸರುಗಳನ್ನು ನಾವು ಹುಡುಕುತ್ತೇವೆ. ಇಂದಿನ ದಾನವನ್ನು ಯಾರೂ ಕಲ್ಲಿನಲ್ಲಿ ಕೆತ್ತಲಿಕ್ಕಿಲ್ಲ. ಆದರೂ ಕುಂದಾಪುರದ ತಾಯಿಯೊಬ್ಬಳು ಗುಣಮುಖಳಾಗಿ ಮನೆಗೆ ಮರಳುವಾಗ, ಎಲ್ಲಿಯೋ ಒಂದು ಪಂಜರವು ಬರಿದಾಗಿ ಉಳಿಯಬಲ್ಲುದು.