ಮೂಗೇ ದಾರಿಯಾದಾಗ ಪರಿಮಳದ ಗತಿ ಏನು?

ಹಡಗಲಿಗೆ ‘ಹೂವಿನ’ ಎಂಬ ಮಾತು ಹೇಗೆ ಸೇರಿತೆಂದು ಕೇಳಿದರೆ ಆ ಸೀಮೆಯ ಹಿರಿಯರು ವಿಜಯನಗರದ ಕಾಲದ ಕಥೆ ಹೇಳುತ್ತಾರೆ. ಹಂಪಿಯ ವಿರೂಪಾಕ್ಷನ ಪೂಜೆಗೆ ಇಲ್ಲಿಂದ ಹೂವು ತುಂಗಭದ್ರೆಯ ಮೇಲೆ ಹಡಗಿನಲ್ಲಿ ಹೋಗುತ್ತಿತ್ತಂತೆ. ಐತಿಹ್ಯ ಏನೇ ಇರಲಿ, ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿರುವುದು ನಿಜ. ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳು ಒಣಬೇಸಾಯದ ನಾಡು. ಅಲ್ಲಿ ಮೊದಲ ಮಳೆಯ ಮಣ್ಣಿನ ಘಮಕ್ಕೆ, ಕೊಟ್ಟೂರೇಶ್ವರನ ತೇರಿನ ದಿನದ ಲೋಬಾನದ ಹೊಗೆಗೆ ಕಾದು ಕೂರುವ ಜನರಿದ್ದಾರೆ. 2021ರಿಂದ ವಿಜಯನಗರ ಜಿಲ್ಲೆಯಲ್ಲಿರುವ ಈ ಐದೂ ತಾಲ್ಲೂಕುಗಳ ಬದುಕಿನಲ್ಲಿ ಮೂಗಿಗೂ ಒಂದು ಪಾಲಿದೆ.

ಇಂಥ ಊರಿನವರೊಬ್ಬರಿಗೆ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಕಂಡುಬಂದರೆ, ತಲೆಬುರುಡೆ ತೆರೆಯದೆ ಮೂಗಿನ ಮೂಲಕವೇ ಅದನ್ನು ತೆಗೆಯಬಹುದೆಂದು ವೈದ್ಯರು ಹೇಳುವುದುಂಟು. ಮನೆಯವರಿಗೆ ಅದೇ ದೊಡ್ಡ ಸಮಾಧಾನ. ಆದರೆ ಆಮೇಲೆ ಮಲ್ಲಿಗೆಯ ಪರಿಮಳ ತಿಳಿಯುತ್ತದೆಯೇ? ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಲು ವೈದ್ಯಶಾಸ್ತ್ರಕ್ಕೇ ಸುಮಾರು ನೂರು ವರ್ಷ ಬೇಕಾಯಿತು.

ಪಿಟ್ಯುಟರಿ ಎಂಬುದು ಕಡಲೆಕಾಳಿನ ಗಾತ್ರದ ಗ್ರಂಥಿ. ಮೂಗಿನ ಹಿಂದೆ, ಮಿದುಳಿನ ತಳದ ಎಲುಬಿನ ಗುಳಿಯೊಂದರಲ್ಲಿ ಕುಳಿತಿರುತ್ತದೆ. ದೇಹದ ಬೆಳವಣಿಗೆ, ಮುಟ್ಟು, ಎದೆಹಾಲು, ಥೈರಾಯ್ಡ್ ಎಲ್ಲದರ ಮೇಲೂ ಅದರ ಹಿಡಿತವಿದೆ. ಗಡ್ಡೆ ಬೆಳೆದರೆ ಮೇಲಿರುವ ಕಣ್ಣಿನ ನರಗಳನ್ನು ಒತ್ತಿ ದೃಷ್ಟಿ ಕುಂದಿಸುತ್ತದೆ. ಕೆಲವರಲ್ಲಿ ಕೈಕಾಲು, ದವಡೆಗಳು ದಪ್ಪವಾಗುತ್ತ ಹೋಗುತ್ತವೆ. ಈ ಕೊನೆಯ ರೋಗವನ್ನು 1886ರಲ್ಲಿ ಅಕ್ರೋಮೆಗಲಿ ಎಂದು ಕರೆದವನು ಫ್ರಾನ್ಸಿನ ಪಿಯರ್ ಮರಿ.

ಗ್ರಂಥಿಯ ಹೆಸರಿನಲ್ಲೇ ಮೂಗಿನ ಗುರುತಿದೆ. ಲ್ಯಾಟಿನ್‌ನಲ್ಲಿ ‘ಪಿಟುಯಿಟಾ’ ಎಂದರೆ ಸಿಂಬಳ, ಕಫ. ಮಿದುಳಿನ ಕಲ್ಮಶ ಈ ಗ್ರಂಥಿಯ ಮೂಲಕ ಮೂಗಿಗೆ ಇಳಿಯುತ್ತದೆಂದು ಹಿಂದಿನವರು ನಂಬಿದ್ದರು. ಸಿಂಬಳ ಹುಟ್ಟುವುದು ಮೂಗಿನ ಒಳಪದರದಲ್ಲೇ ಎಂದು 17ನೇ ಶತಮಾನದಲ್ಲಿ ಜರ್ಮನಿಯ ಷ್ನೈಡರ್ ತೋರಿಸಿದ. ಗ್ರಂಥಿಯಿಂದ ಮೂಗಿಗೆ ದಾರಿ ಇರಲಿಲ್ಲ. ಮೂಗಿನಿಂದ ಗ್ರಂಥಿಗೆ ದಾರಿ ಮಾಡಿದವರು ಮುಂದೆ ಬಂದ ಶಸ್ತ್ರವೈದ್ಯರು.

1907ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಹರ್ಮನ್ ಷ್ಲೋಫರ್ ಮೊದಲ ಸಲ ಈ ದಾರಿ ಹಿಡಿದ. ಹೊರಮೂಗನ್ನು ಬಿಡಿಸಿ ಪಕ್ಕಕ್ಕೆ ಹೊರಳಿಸಿ, ಒಳಗಿನ ನಡುಗೋಡೆಯನ್ನೂ ಸುರುಳಿ ಎಲುಬುಗಳನ್ನೂ ತೆಗೆದು ಗಡ್ಡೆಯನ್ನು ಮುಟ್ಟಿದ. ರೋಗಿ ಕೆಲವೇ ತಿಂಗಳಲ್ಲಿ ತೀರಿಕೊಂಡ. ಜೀವ ಉಳಿಸುವುದೇ ಕಷ್ಟವಾಗಿದ್ದಾಗ ವಾಸನೆಯ ಯೋಚನೆ ಯಾರಿಗಿತ್ತು? 1910ರಲ್ಲಿ ವಿಯೆನ್ನಾದ ಮೂಗಿನ ವೈದ್ಯ ಆಸ್ಕರ್ ಹಿರ್ಷ್ ಮುಖಕ್ಕೆ ಗಾಯ ಮಾಡದೆ ಹೊಳ್ಳೆಯ ಮೂಲಕವೇ ಒಳಹೊಕ್ಕ. ಅಮೆರಿಕದ ಹಾರ್ವೆ ಕುಶಿಂಗ್ ಮೇಲ್ದುಟಿಯ ಒಳಗೆ ಕೊಯ್ದು ಹೋಗುವ ಕ್ರಮ ಅನುಸರಿಸಿದ. 1910ರಿಂದ 1925ರವರೆಗೆ 231 ರೋಗಿಗಳಿಗೆ ಹೀಗೆ ಶಸ್ತ್ರಕ್ರಿಯೆ ಮಾಡಿದ; ಸಾವಿನ ಪ್ರಮಾಣ ಶೇ 5.6 ಮಾತ್ರ. ಆ ಕಾಲಕ್ಕೆ ಅದು ಅಚ್ಚರಿಯ ಸಾಧನೆ.

ಆದರೂ ಕುಶಿಂಗ್ ಕೊನೆಗೆ ಈ ದಾರಿ ಬಿಟ್ಟು ತಲೆಬುರುಡೆ ತೆರೆಯುವ ಕ್ರಮಕ್ಕೆ ಹೊರಳಿದ. ಅಮೆರಿಕದಲ್ಲಿ ಹೆಚ್ಚಿನವರು ಅವನನ್ನೇ ಹಿಂಬಾಲಿಸಿದರು. ಆ ಮಾರ್ಗದಲ್ಲೂ ವಾಸನೆಗೆ ಅಪಾಯ ತಪ್ಪಿರಲಿಲ್ಲ. ಹಣೆಯ ಹಿಂದಿನ ಮಿದುಳನ್ನು ಎತ್ತಿ ಹಿಡಿಯುವಾಗ ಕೆಳಗಿನ ವಾಸನೆಯ ನರಗಳು ಜಗ್ಗಿ ಹರಿಯಬಹುದಾಗಿತ್ತು. ಮೂಗಿನ ದಾರಿಯನ್ನು ಉಳಿಸಿಕೊಂಡವರಲ್ಲಿ ಎಡಿನ್‌ಬರೋದ ನಾರ್ಮನ್ ಡಾಟ್ ಮುಖ್ಯ. ಅವರಿಂದ ಪ್ಯಾರಿಸ್‌ನ ಗಿಯೋ ಕಲಿತರು. ಗಿಯೋರಿಂದ ಕಲಿತ ಮಾಂಟ್ರಿಯಲ್‌ನ ಜೂಲ್ಸ್ ಹಾರ್ಡಿ 1960ರ ದಶಕದಲ್ಲಿ ಸೂಕ್ಷ್ಮದರ್ಶಕವನ್ನು ಬಳಕೆಗೆ ತಂದರು. ಮೂಗಿನ ದಾರಿ ಮತ್ತೆ ತೆರೆಯಿತು.

ಭಾರತದಲ್ಲಿ ನರಶಸ್ತ್ರಚಿಕಿತ್ಸೆಯ ಮೊದಲ ವಿಭಾಗವನ್ನು 1949ರಲ್ಲಿ ವೆಲ್ಲೂರಿನಲ್ಲಿ ಜೇಕಬ್ ಚಾಂಡಿ ಆರಂಭಿಸಿದರು. 1950ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಡಾ. ಆರ್.ಎಂ. ವರ್ಮಾ ಆ ಕೆಲಸಕ್ಕೆ ಕೈಹಾಕಿದರು. ಅವರು ದುಡಿದ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್‌ನ ಭಾಗವಾಯಿತು.

1990ರ ದಶಕದಲ್ಲಿ ಎಂಡೋಸ್ಕೋಪ್ ಬಂತು. ತುದಿಯಲ್ಲಿ ಬೆಳಕಿರುವ ಈ ತೆಳು ಕೊಳವೆಯನ್ನು ಹೊಳ್ಳೆಯಲ್ಲಿ ತೂರಿಸಿ, ಪರದೆಯ ಮೇಲೆ ನೋಡುತ್ತ ಗಡ್ಡೆ ತೆಗೆಯಬಹುದಾಯಿತು. 2006ರಲ್ಲಿ ಇನ್ನೊಂದು ಉಪಾಯ ಪ್ರಕಟವಾಯಿತು. ಗಡ್ಡೆ ತೆಗೆದ ಜಾಗದಿಂದ ಮಿದುಳಿನ ದ್ರವ ಸೋರದಂತೆ, ಮೂಗಿನ ನಡುಗೋಡೆಯ ಪದರವೊಂದನ್ನು ಬಿಡಿಸಿ ಮುಚ್ಚುವ ಈ ಕ್ರಮಕ್ಕೆ ಅರ್ಜೆಂಟೀನಾದ ಹದಾದ್ ಮತ್ತು ಬಸ್ಸಗಸ್ತೆಗಿ ಅವರ ಹೆಸರಿದೆ. ಸೋರಿಕೆ ಕಡಿಮೆಯಾಯಿತು. ವಾಸನೆಯ ಪ್ರಶ್ನೆ ಮುಂದೆ ಬಂದದ್ದೂ ಇಲ್ಲೇ.

ಏಕೆಂದರೆ ವಾಸನೆ ಹಿಡಿಯುವ ಜೀವಕೋಶಗಳಿರುವುದು ಮೂಗಿನ ಮಾಳಿಗೆಯಲ್ಲಿ, ನಡುಗೋಡೆಯ ಮೇಲ್ಭಾಗದಲ್ಲಿ. ಅವುಗಳ ನರದೆಳೆಗಳು ಜರಡಿಯಂಥ ಎಲುಬಿನ ತೂತುಗಳಲ್ಲಿ ಹಾದು ಮಿದುಳು ಸೇರುತ್ತವೆ. ಶಸ್ತ್ರವೈದ್ಯರ ದಾರಿ ಇದರ ಕೆಳಗೇ ಸಾಗುತ್ತದೆ. ಪದರವನ್ನು ತೀರಾ ಮೇಲಿನಿಂದ ಕೊಯ್ದರೆ, ಬಿಸಿಯಿಂದ ಸುಟ್ಟರೆ ಆ ಕೋಶಗಳು ಹೋಗುತ್ತವೆ. ಆದ್ದರಿಂದಲೇ ಮೇಲಿನ ಒಂದು ಸೆಂಟಿಮೀಟರಿನಷ್ಟು ಪಟ್ಟಿಯನ್ನು ಮುಟ್ಟದೆ ಬಿಡುವ ರೂಢಿ ಬೆಳೆಯಿತು.

ಚಿಕಿತ್ಸೆಯ ನಂತರದ ಮೊದಲ ವಾರಗಳಲ್ಲಿ ವಾಸನೆ ತಿಳಿಯದಿರುವುದು ಸಾಮಾನ್ಯ. ಒಳಗೆ ಬಾವು, ಹಕ್ಕಳೆ ಕಟ್ಟಿ ಗಾಳಿ ಮೇಲೇರುವುದಿಲ್ಲ. ಗಾಯ ಮಾಯ್ದಂತೆ ಬಹುತೇಕರಿಗೆ ಕೆಲವು ತಿಂಗಳಲ್ಲಿ ಅದು ಮರಳುತ್ತದೆ. ಕೆಲವರಿಗೆ ಪೂರ್ತಿ ಮರಳುವುದಿಲ್ಲ. ವಾಸನೆಯ ಕೋಶಗಳು ಹೊಸದಾಗಿ ಹುಟ್ಟಬಲ್ಲವೆಂಬುದು ಆಶಾದಾಯಕ ಸಂಗತಿ. ಜರ್ಮನಿಯ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ, ಬೇರೆ ಕಾರಣಗಳಿಂದ ವಾಸನೆ ಕಳೆದುಕೊಂಡವರ ಮೇಲೆ ಒಂದು ಅಭ್ಯಾಸವನ್ನು ಪರೀಕ್ಷಿಸಿ ಪ್ರಯೋಜನ ಕಂಡಿತು. ಗುಲಾಬಿ, ನೀಲಗಿರಿ, ನಿಂಬೆ, ಲವಂಗಗಳನ್ನು ದಿನಕ್ಕೆರಡು ಸಲ, ವಾರಗಟ್ಟಲೆ ಮೂಸುವುದೇ ಆ ಅಭ್ಯಾಸ. ನಾಲ್ಕೂ ನಮ್ಮವರಿಗೆ ಪರಿಚಿತ. ಆದರೆ ಗಾಯ ಮಾಯುವ ಮುನ್ನ ಇಂಥದ್ದನ್ನು ಶುರು ಮಾಡಬಾರದು, ವೈದ್ಯರು ಹೇಳುವತನಕ ಮೂಗು ಸೀಟಬಾರದು. ನೀರಿನಂಥ ತಿಳಿದ್ರವ ಸೋರಿದರೆ ಕೂಡಲೇ ಆಸ್ಪತ್ರೆಗೆ ತಿಳಿಸಬೇಕು.

ಕಣ್ಣು, ಕಿವಿ ಹೋದರೆ ನೆರೆಹೊರೆಯವರಿಗೆ ಗೊತ್ತಾಗುತ್ತದೆ. ವಾಸನೆ ಹೋದದ್ದು ಹೋದವರಿಗೆ ಮಾತ್ರ ಗೊತ್ತು. ಸಾರು ಸಪ್ಪೆಯಾಗುತ್ತದೆ, ಗ್ಯಾಸ್ ಸೋರಿದ್ದು ತಿಳಿಯುವುದಿಲ್ಲ, ಹಳಸಿದ ಅನ್ನ ಗೊತ್ತಾಗುವುದಿಲ್ಲ. ‘ಜೀವ ಉಳಿಯಿತಲ್ಲ’ ಎನ್ನುವವರೆದುರು ಅದನ್ನು ಹೇಳಿಕೊಳ್ಳಲೂ ಸಂಕೋಚ. 2020ರ ಕೋವಿಡ್ ಕಾಲದಲ್ಲಿ ಲಕ್ಷಾಂತರ ಜನ ಇದನ್ನು ಸ್ವತಃ ಅನುಭವಿಸಿದ ಮೇಲೆ ಈ ನಷ್ಟ ಸ್ವಲ್ಪ ಅರ್ಥವಾಗಿದೆ.

ಶಸ್ತ್ರಕ್ರಿಯೆಗೆ ಮೊದಲು ದೃಷ್ಟಿಯನ್ನು ಅಳೆಯುವಂತೆ ವಾಸನೆಯನ್ನೂ ಅಳೆದರೆ, ನಂತರ ಕಳೆದದ್ದೆಷ್ಟು, ಮರಳಿದ್ದೆಷ್ಟು ಎಂದು ಹೇಳಬಹುದು. ಅದಕ್ಕೆಂದು ಅಮೆರಿಕದಲ್ಲಿ 1984ರಲ್ಲೇ 40 ವಾಸನೆಗಳ ಪರೀಕ್ಷೆ ಸಿದ್ಧವಾಗಿದೆ. ಆದರೆ ಪರಿಚಯವಿಲ್ಲದ ತಿನಿಸಿನ ವಾಸನೆಯನ್ನು ಗುರುತಿಸದಿದ್ದರೆ ಅದು ಮೂಗಿನ ತಪ್ಪಲ್ಲ. ಹಡಗಲಿಯವರ ಮೂಗನ್ನು ಪರೀಕ್ಷಿಸಲು ಹಿಡಿ ಮಲ್ಲಿಗೆಯೇ ತಕ್ಕ ಸಾಧನ.