ಅಂತರರಾಷ್ಟ್ರೀಯ ದೈಹಿಕ ಚಟುವಟಿಕೆ ಪ್ರಶ್ನಾವಳಿ (ಐಪ್ಯಾಕ್)

ಬೇರೆ ಬೇರೆ ದೇಶಗಳ ವಯಸ್ಕರ ದೈಹಿಕ ಚಟುವಟಿಕೆಯನ್ನು ಹೋಲಿಸಲು ರೂಪಿಸಿದ, ಉತ್ತರಿಸುವವರ ಮಾತನ್ನೇ ನೆಚ್ಚಿದ ಪ್ರಶ್ನಾವಳಿ. 1998ರಲ್ಲಿ ಜಿನೀವಾದಲ್ಲಿ ಕೆಲಸ ಆರಂಭವಾಗಿ, 2000ದಲ್ಲಿ 12 ದೇಶಗಳ 14 ಕೇಂದ್ರಗಳಲ್ಲಿ ಪರೀಕ್ಷೆ ನಡೆಯಿತು. ಕಿರು ರೂಪವು ಕಳೆದ 7 ದಿನಗಳ ಬಿರುಸಿನ ಹಾಗೂ ಮಧ್ಯಮ ಚಟುವಟಿಕೆ, ನಡಿಗೆ, ಕುಳಿತ ಹೊತ್ತು ಇವನ್ನು ಕೇಳುತ್ತದೆ. ಚಟುವಟಿಕೆ ಒಂದೇ ಸಲಕ್ಕೆ 10 ನಿಮಿಷವಾದರೂ ನಡೆದಿರಬೇಕು. ನಡಿಗೆಯ ನಿಮಿಷಗಳನ್ನು 3.3ರಿಂದ, ಮಧ್ಯಮದ್ದನ್ನು 4ರಿಂದ, ಬಿರುಸಿನದನ್ನು 8ರಿಂದ ಗುಣಿಸಿ ಮೆಟ್-ನಿಮಿಷಗಳನ್ನು (ವಿಶ್ರಾಂತಿಗೆ ಹೋಲಿಸಿದ ಶಕ್ತಿವ್ಯಯದ ಅಳತೆ) ಪಡೆಯುತ್ತಾರೆ. ವಾರಕ್ಕೆ 5 ದಿನ ಅರ್ಧ ಗಂಟೆ ನಡೆದವರಿಗೆ 495 ಮೆಟ್-ನಿಮಿಷ. ಮತ್ತೊಮ್ಮೆ ಕೇಳಿದಾಗ ಉತ್ತರಗಳು ಬಹುಮಟ್ಟಿಗೆ ಹೊಂದುತ್ತವೆ; ಮೈಗೆ ಕಟ್ಟಿದ ಚಲನಮಾಪಕದೊಡನೆ ಸಹಸಂಬಂಧ ಮಾತ್ರ ಸುಮಾರು 0.3. ಜನ ತಾವು ಮಾಡಿದ್ದಕ್ಕಿಂತ ಹೆಚ್ಚೇ ಹೇಳುತ್ತಾರೆ. ಹಾಗಾಗಿ ದೇಶಗಳನ್ನು ಇದರಿಂದ ಮೇಲು–ಕೀಳೆಂದು ಸಾಲಾಗಿ ನಿಲ್ಲಿಸುವುದು ಅಪಾಯದ ಕೆಲಸ. ಇದೇ ಬಗೆಯ ಇನ್ನೊಂದು ಪ್ರಶ್ನಾವಳಿಯಾದ, ವಿಶ್ವ ಆರೋಗ್ಯ ಸಂಸ್ಥೆಯ 16 ಪ್ರಶ್ನೆಗಳ ಜಿಪ್ಯಾಕ್ (ಜಾಗತಿಕ ದೈಹಿಕ ಚಟುವಟಿಕೆ ಪ್ರಶ್ನಾವಳಿ) ದುಡಿಮೆ, ಓಡಾಟ, ಬಿಡುವುಗಳನ್ನು ಬೇರೆಬೇರೆಯಾಗಿ ವಿಚಾರಿಸುತ್ತದೆ.